ಸೊಂಟದ ನಂಬರೊಂದೇ ಸಾಲದು

ಮಾನ್ಯ ಸಂಪಾದಕರೇ,

ತೊಡೆಯ ಪಕ್ಕ ದೊಡ್ಡ ಜೇಬಿರುವ ಕಾರ್ಗೋ ಚಡ್ಡಿ ಕೊಳ್ಳಲು ಹೋದ ದಪ್ಪ ಮೈಕಟ್ಟಿನ ಗಂಡಸರು ಟ್ರಯಲ್ ರೂಮಿನಿಂದ ಹೊರಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಸೊಂಟಕ್ಕೆ ಸರಿ ಇದೆ, ತೊಡೆ ಹಿಡಿಯುತ್ತೆ.’ ಒಂದು ಸೈಜ್ ಮೇಲಕ್ಕೆ ಹೋದರೆ ತೊಡೆ ಸಡಿಲ, ಆದರೆ ಸೊಂಟ ಜಾರುತ್ತದೆ. ಇದಕ್ಕೆ ಕಾರಣ ಕಟಿಂಗ್ ಟೇಬಲ್ಲಿನ ಮೇಲಿದೆ. 32ರ ಅಳತೆಗೆ ಮಾಡಿದ ಪ್ಯಾಟರ್ನನ್ನೇ (ಬಟ್ಟೆ ಕತ್ತರಿಸುವ ಮಾದರಿಯನ್ನೇ) 34, 36 ಎಂದು ಹಿಗ್ಗಿಸುತ್ತಾ 46ರವರೆಗೂ ಒಯ್ಯುತ್ತಾರೆ. ಸೊಂಟ 2 ಇಂಚು ಹೆಚ್ಚಿದಾಗ ತೊಡೆಗೆ ಇಷ್ಟು, ಸೀಟಿಗೆ ಅಂದರೆ ಕೂರುವ ಹಿಂಭಾಗಕ್ಕೆ ಇಷ್ಟು ಎಂದು ಎಲ್ಲ ಸೈಜಿಗೂ ಅದೇ ಲೆಕ್ಕ. ಮೈ ಹಾಗೆ ಬೆಳೆಯುವುದಿಲ್ಲ. ಒಬ್ಬರಿಗೆ ಹೊಟ್ಟೆ ಮುಂದೆ ಬಂದಿರುತ್ತದೆ, ತೊಡೆ ಸಣಕಲು. ಇನ್ನೊಬ್ಬರಿಗೆ ಸೊಂಟ 40 ಇದ್ದರೂ ತೊಡೆಯ ಸುತ್ತಳತೆಯೇ 28 ಇಂಚು.

ಲೇಬಲ್ಲಿನ ನಂಬರನ್ನು ಪೂರ್ತಿ ನಂಬುವಂತೆಯೂ ಇಲ್ಲ. 42 ಎಂದು ಬರೆದ ಚಡ್ಡಿಯ ಸೊಂಟದ ಪಟ್ಟಿಗೆ ಟೇಪಿಟ್ಟು ನೋಡಿದರೆ 43, 44 ಬರುವುದು ಮಾಮೂಲು. ಹಾಗಾಗಿ ಮನೆಯಲ್ಲಿ ಈಗಾಗಲೇ ಹಿತವಾಗಿರುವ ಒಂದು ಚಡ್ಡಿಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಅಳತೆ ಬರೆದುಕೊಂಡು ಹೋಗುವುದು ಒಳ್ಳೆಯದು. ಸೊಂಟದ ಪಟ್ಟಿ, ಸೀಟಿನ ಅತಿ ಅಗಲವಾದ ಜಾಗ, ಕಾಲು ಕೂಡುವ ಹೊಲಿಗೆಗಿಂತ 1 ಇಂಚು ಕೆಳಗಿನ ತೊಡೆಯ ಅಗಲ, ಮೂರನ್ನೂ ಅಳೆದು ಎರಡರಿಂದ ಗುಣಿಸಿ. ಜೊತೆಗೆ ಕಾಲು ಕೂಡುವ ಹೊಲಿಗೆಯಿಂದ ಪಟ್ಟಿಯ ಮೇಲಂಚಿನವರೆಗೆ ಮುಂದೊಂದು, ಹಿಂದೊಂದು ಅಳತೆ ಬೇಕು. ಇದಕ್ಕೆ ರೈಸ್ ಎನ್ನುತ್ತಾರೆ. ದಪ್ಪ ಮೈಗೆ ಚಡ್ಡಿ ಕೂಡುತ್ತದೋ ಇಲ್ಲವೋ ಎಂಬುದು ಬಹುಪಾಲು ಈ ರೈಸ್ ಮೇಲೆಯೇ ನಿಂತಿದೆ. ಅಂಗಡಿಯಲ್ಲಿ ಯಾರೂ ಕೇಳದ ಅಳತೆಯೂ ಇದೇ.

ಕೂತಾಗ ಹಿಂಬದಿ ಹಿಗ್ಗುತ್ತದೆ, ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತದೆ. ಹಿಂದಿನ ರೈಸ್ ಗಿಡ್ಡವಾಗಿದ್ದರೆ ಪಟ್ಟಿ ಬೆನ್ನಿನಿಂದ ಜಾರಿ ಒಳಚಡ್ಡಿ ಕಾಣುತ್ತದೆ, ಮುಂದೆ ಪಟ್ಟಿ ಹೊಟ್ಟೆಯನ್ನು ಒತ್ತುತ್ತದೆ. ಎಷ್ಟು ಬಿಗಿಯಾಗಿ ಬೆಲ್ಟ್ ಕಟ್ಟಿದರೂ ಇದು ನಿಲ್ಲದು, ಬಟ್ಟೆಯೇ ಇಲ್ಲದ ಕಡೆ ಬೆಲ್ಟ್ ಏನು ಮಾಡೀತು? ಪಟ್ಟಿಯನ್ನು ಹೊಟ್ಟೆಯ ಕೆಳಗೆ ಕಟ್ಟುವವರಿಗೆ ಮುಂದೆ ಗಿಡ್ಡ, ಹಿಂದೆ ಉದ್ದ ಇರುವ ಕಟಿಂಗೇ ಬೇಕು. ಹೊಟ್ಟೆಯ ಮೇಲೆ ಕಟ್ಟುವವರಿಗೆ ಎರಡೂ ಕಡೆ ಉದ್ದ ಬೇಕು, ಜಿಪ್ಪೂ ಅದಕ್ಕೆ ತಕ್ಕಷ್ಟು ಉದ್ದವಿರಬೇಕು.

ಇನ್ನು ಬಟ್ಟೆ. ಸ್ಪ್ಯಾಂಡೆಕ್ಸ್, ಎಲಾಸ್ಟೇನ್, ಲೈಕ್ರಾ ಹೀಗೆ ಲೇಬಲ್ಲಿನಲ್ಲಿ ಯಾವ ಹೆಸರಿದ್ದರೂ ಹಿಗ್ಗಿ ಮರಳುವ ನೂಲು ಒಂದೇ. ಹತ್ತಿಯ ಟ್ವಿಲ್ (ಓರೆ ಗೆರೆಯ ನೇಯ್ಗೆ) ಬಟ್ಟೆಗೆ ಅದು ನೂರಕ್ಕೆ 2ರಿಂದ 3 ಭಾಗ ಸೇರಿದ್ದರೆ ಸಾಕು. ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದರೆ ಬಟ್ಟೆ ಮೈಗೆ ಅಂಟುತ್ತದೆ, ತುಂಬಿದ ಜೇಬು ಜೋತುಬೀಳುತ್ತದೆ. ಪರೀಕ್ಷೆ ಸುಲಭ. ಸೀಟಿನ ಬಳಿ ಬಟ್ಟೆಯನ್ನು ಅಡ್ಡಕ್ಕೆ 10 ಸೆಂ.ಮೀ. ಹಿಡಿದು ಎಳೆಯಿರಿ. 12ರವರೆಗೆ ಹಿಗ್ಗಿ, ಬಿಟ್ಟ ತಕ್ಷಣ 10ಕ್ಕೇ ಮರಳಬೇಕು. ಉಬ್ಬಿದಂತೆ ಉಳಿದರೆ ಆ ಚಡ್ಡಿ ಕೆಲವೇ ದಿನದಲ್ಲಿ ಸೀಟಿನಲ್ಲಿ ಚೀಲವಾಗುತ್ತದೆ. ತೂಕ ಚದರ ಮೀಟರಿಗೆ 200ರಿಂದ 240 ಗ್ರಾಂ ಇದ್ದರೆ ಬೇಸಿಗೆಗೂ ಸರಿ, ಬಾಳಿಕೆಗೂ ಸರಿ. 300 ದಾಟಿದರೆ ಬೆವರು.

ಬರೀ ಹತ್ತಿಯದಾದರೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನೂರಕ್ಕೆ 4ರಷ್ಟು ಕುಗ್ಗಿದರೆ 44 ಇಂಚಿನ ಸೊಂಟದಲ್ಲಿ ಒಂದೂಮುಕ್ಕಾಲು ಇಂಚು ಹೋಯಿತು. 13 ಇಂಚಿನ ರೈಸ್‌ನಲ್ಲಿ ಅರ್ಧ ಇಂಚು, ಆ ಅರ್ಧ ಇಂಚು ಕೂತಾಗ ಗೊತ್ತಾಗುತ್ತದೆ.

ಎಲ್ಲಿ ಹರಿಯುತ್ತದೆ ಎಂದು ಕೇಳಿದರೆ ಯಾವ ಟೈಲರಾದರೂ ಒಂದೇ ಜಾಗ ತೋರಿಸುತ್ತಾನೆ: ನಾಲ್ಕು ಹೊಲಿಗೆ ಕೂಡುವ ಕವಲು. ಗಮನಿಸಿ ನೋಡಿ, ಹಲವು ಸಲ ದಾರ ಗಟ್ಟಿಯಾಗೇ ಇರುತ್ತದೆ. ಅದರ ಪಕ್ಕದ ಬಟ್ಟೆ ತೊಡೆ ತೊಡೆಗೆ ಉಜ್ಜಿ ಸವೆದು, ಬೆಳಕಿಗೆ ಹಿಡಿದರೆ ಜಾಳಿಗೆಯಂತೆ ಕಾಣುತ್ತದೆ. ಈ ಜಾಗದಲ್ಲಿ ವಜ್ರಾಕಾರದ ಒಂದು ತುಂಡು ಬಟ್ಟೆ, ಅಂದರೆ ಗಸೆಟ್, ಕೂಡಿಸಿದ್ದರೆ ಹೊಲಿಗೆಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರುವುದಿಲ್ಲ, ಎಳೆತ ಹಂಚಿಹೋಗುತ್ತದೆ. ಕುಕ್ಕರುಗಾಲಲ್ಲಿ ಕೂರುವವರು, ಮೆಟ್ಟಿಲು ಹತ್ತಿಳಿಯುವ ಕೆಲಸದವರು ಗಸೆಟ್ ಇಲ್ಲದ್ದನ್ನು ಕೊಳ್ಳದಿರುವುದೇ ಲೇಸು.

ಕಾಲಿನ ಒಳ ಉದ್ದ 9ರಿಂದ 11 ಇಂಚು ಇರಲಿ. 5, 7 ಇಂಚಿನ ಗಿಡ್ಡ ಚಡ್ಡಿ ನಡೆಯುವಾಗ ತೊಡೆಗಳ ನಡುವೆ ಸಿಕ್ಕಿ ಮೇಲಕ್ಕೇರುತ್ತದೆ, ಆಮೇಲೆ ಚರ್ಮ ಚರ್ಮಕ್ಕೆ ಉಜ್ಜುತ್ತದೆ. ಕೆಳಗಿನ ಬಾಯಿ ಕೂತಾಗಲೂ ತೊಡೆಗಿಂತ 2 ಇಂಚಾದರೂ ಸಡಿಲವಿರಬೇಕು.

ಸೊಂಟದ ಪಟ್ಟಿಯಲ್ಲಿ ಒಂದು ಇಂಚಿನ ಸಪೂರ ಇಲಾಸ್ಟಿಕ್ ಹೊಟ್ಟೆಯ ಕೆಳಗೆ ಸುರುಳಿ ಸುತ್ತಿಕೊಂಡು ಹಗ್ಗದಂತೆ ಕೊರೆಯುತ್ತದೆ. ಒಂದೂವರೆ ಇಂಚು ಅಗಲದ್ದು, ಮೇಲೆ ಎರಡು ಮೂರು ಸಾಲು ಹೊಲಿಗೆ ಹಾಕಿ ಕೂರಿಸಿದ್ದು ಹಾಗೆ ಮಡಚುವುದಿಲ್ಲ. ಮುಂದೆ ಚಪ್ಪಟೆ ಪಟ್ಟಿ, ಪಕ್ಕದಿಂದ ಹಿಂದಕ್ಕೆ ಮಾತ್ರ ಇಲಾಸ್ಟಿಕ್ ಇದ್ದರೆ ಇನ್ನೂ ಚೆನ್ನ. ಜೇಬು ತುಂಬುವವರಿಗೆ ಒಳಗೊಂದು ಲಾಡಿ ಬೇಕೇ ಬೇಕು. ದೊಡ್ಡ ಸೈಜಿಗೂ ಐದೇ ಬೆಲ್ಟ್ ಲೂಪು ಹಾಕುವುದು ಜಿಪುಣತನ, ಏಳಾದರೂ ಇರಲಿ.

ತೊಡೆಯ ಜೇಬು ಬಂದದ್ದು 1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೈನಿಕರ ಪ್ಯಾಂಟಿಗೆ, ನಕ್ಷೆ ಇಟ್ಟುಕೊಳ್ಳಲು. ಈಗ ಅದರಲ್ಲಿ ಫೋನು, ಪವರ್ ಬ್ಯಾಂಕು. ಅಗಲವಾದ ಕಾಲಿಗೆ ಆ ಜೇಬು ಪಕ್ಕದ ಹೊಲಿಗೆಗಿಂತ ತುಸು ಹಿಂದಕ್ಕೆ ಇರಬೇಕು. ಮುಂದಕ್ಕೆ ಬಂದರೆ ಕೂತಾಗ ತೊಡೆ ಹರಡಿ ಬಟ್ಟೆ ಬಿಗಿದು ಫೋನು ಒತ್ತುತ್ತದೆ. ಚಡ್ಡಿಯನ್ನು ಒಳಮಗುಚಿ ಜೇಬಿನ ಮೂಲೆಗಳನ್ನು ನೋಡಿ: ಒತ್ತೊತ್ತಾಗಿ ಅಡ್ಡ ಹಾಕಿದ ಗಟ್ಟಿ ಹೊಲಿಗೆ ಕಾಣದಿದ್ದರೆ ಮೊದಲು ಕೀಳುವುದು ಅಲ್ಲಿಂದಲೇ. ಮುಚ್ಚಳಕ್ಕೆ ಒತ್ತುಗುಂಡಿ ಇರಲಿ. ವೆಲ್ಕ್ರೋಗೆ ನೂಲು, ಕೂದಲು ಸಿಕ್ಕಿ ಹಿಡಿತ ಹೋಗುತ್ತದೆ.

ಎಲ್ಲವೂ ಕೂಡಿದ ಚಡ್ಡಿ ಸಿಗದಿದ್ದರೆ ತೊಡೆ ಮತ್ತು ಸೀಟಿಗೆ ಸರಿಯಾದ್ದನ್ನು ಕೊಂಡು ಸೊಂಟ ಹಿಡಿಸಿಕೊಳ್ಳಿ. ಹಿಂದಿನ ನಡು ಹೊಲಿಗೆಯಲ್ಲಿ 2 ಇಂಚಿನವರೆಗೆ ಹಿಡಿಯಬಹುದು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ಬರುತ್ತವೆ. ತೊಡೆಯನ್ನು ಬಿಡಿಸಲು ಮಾತ್ರ ಆಗದು, ಸಿದ್ಧ ಉಡುಪಿನಲ್ಲಿ ಒಳಗೆ ಬಿಟ್ಟಿರುವ ಬಟ್ಟೆ ಅರ್ಧ ಇಂಚೂ ಇರುವುದಿಲ್ಲ. ಇಲಾಸ್ಟಿಕ್ ಪಟ್ಟಿಯದಾದರೆ ಹಿಡಿಸುವ ಕೆಲಸವೂ ಕಷ್ಟ.

ಒಗೆಯುವಾಗ ತಣ್ಣೀರು, ನೆರಳಲ್ಲಿ ಒಣಗಿಸುವುದು. ಕ್ಲೋರಿನ್ ಬ್ಲೀಚ್ ತಾಗಿದರೆ ಸ್ಪ್ಯಾಂಡೆಕ್ಸ್ ಸತ್ತಂತೆ. ಬಿಸಿ ಇಸ್ತ್ರಿಯೂ ಅದಕ್ಕೆ ಆಗದು.

ಉಡುಪು ತಯಾರಕರಲ್ಲಿ ನಮ್ಮ ಕೋರಿಕೆ ಚಿಕ್ಕದು. ಲೇಬಲ್ಲಿನಲ್ಲಿ ಸೊಂಟದ ಜೊತೆಗೆ ಸೀಟು, ತೊಡೆ, ಹಿಂದಿನ ರೈಸ್ ಎಂಬ ಇನ್ನು ಮೂರು ಸಂಖ್ಯೆ ಅಚ್ಚುಹಾಕಿ. ಕಟಿಂಗ್ ಮಾಡುವಾಗ ಈ ಮೂರೂ ನಿಮ್ಮ ಕೈಯಲ್ಲೇ ಇರುತ್ತವೆ, ಹೊಸದಾಗಿ ಅಳೆಯುವುದೂ ಬೇಕಿಲ್ಲ.

ಇಂತಿ,
ಸಿದ್ಧ ಉಡುಪಿನ ಹೊಲಿಗೆ ಮತ್ತು ಆಲ್ಟ್ರೇಷನ್ ಕೆಲಸದವರು