ಹಂಗಾಮು ಎಣಿಸಿ ಪಿಎಚ್‌ಡಿಗೆ ಸೇರು

ಕಲಬುರಗಿ

ಚಿ. ಶಿವಲೀಲಾಗೆ ಕಾಕಾನ ಆಶೀರ್ವಾದಗಳು.

ತೊಗರಿ ಗಿಡ ನಿಂತಲ್ಲೇ ಬಾಡಿ ಒಣಗುವ ನೆಟೆ ರೋಗದ ಮೇಲೆ ಪಿಎಚ್‌ಡಿ ಮಾಡುವ ಮನಸ್ಸು ನಿನಗಿದೆ ಎಂದು ಅಣ್ಣ ಹೇಳಿದ. ವಿಷಯ ಒಳ್ಳೆಯದೇ. ಆದರೆ ಅರ್ಜಿ ಹಾಕುವ ಮೊದಲು ಹಂಗಾಮು ಎಣಿಸು. ಜೂನ್-ಜುಲೈನಲ್ಲಿ ಬಿತ್ತನೆ, ಡಿಸೆಂಬರ್-ಜನವರಿಯಲ್ಲಿ ರಾಶಿ. ವರ್ಷಕ್ಕೆ ಒಂದೇ ಬೆಳೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಪ್ರವೇಶ ಸೆಪ್ಟೆಂಬರ್‌ನಲ್ಲಾದರೆ ಆ ವರ್ಷದ ಬಿತ್ತನೆ ತಪ್ಪಿತು. ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ. 55 ಅಂಕ ಬೇಕು. ಅದೂ ತಿಂಗಳುಗಟ್ಟಲೆ ತಿನ್ನುತ್ತದೆ. ಹೊಲದ ಪ್ರಯೋಗ ಎರಡು ಹಂಗಾಮು ನಡೆಯಲೇಬೇಕು, ಒಂದೇ ವರ್ಷದ್ದಾದರೆ ಅದು ತಳಿಯ ಗುಣವೋ ಆ ವರ್ಷದ ಮಳೆಯ ಆಟವೋ ತಿಳಿಯದು. ಹಾಗಾಗಿ ಮೂರು ಉದ್ದೇಶ ಬರೆದರೆ ಹೊಲಕ್ಕೆ ಒಂದೇ ಇರಲಿ. ಉಳಿದೆರಡು ಲ್ಯಾಬಿನಲ್ಲಿ, ಕುಂಡದಲ್ಲಿ ಆಗುವಂಥವು.

ವಿಷಯಕ್ಕಿಂತ ಗೈಡ್ ಮುಖ್ಯ, ಇದು ನನ್ನ ಗಟ್ಟಿ ಅಭಿಪ್ರಾಯ. ಪ್ರೊಫೆಸರ್ ಹತ್ತಿರ 8, ಅಸೋಸಿಯೇಟ್ ಹತ್ತಿರ 6, ಅಸಿಸ್ಟೆಂಟ್ ಹತ್ತಿರ 4 ವಿದ್ಯಾರ್ಥಿಗಳಿಗಷ್ಟೇ ಜಾಗ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತಗೊಳ್ಳುವಂತಿಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯವಿರಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಮೊದಲು ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಆ ಗೈಡ್ ಹೆಸರು ಹಾಕಿ ಅವರ ವಿದ್ಯಾರ್ಥಿಗಳ ಪ್ರಬಂಧ ಓದು. ನಂತರ ಈಗಿರುವ ವಿದ್ಯಾರ್ಥಿಗಳನ್ನು ಗೈಡ್ ಇಲ್ಲದಾಗ ಕ್ಯಾಂಟೀನಿನಲ್ಲಿ ಕೂಡಿಸಿಕೊಂಡು ಕೇಳು: ಪ್ರಾಜೆಕ್ಟ್ ಹಣ ಯಾವ ವರ್ಷದವರೆಗೆ? ಯಾವ ಕೆಮಿಕಲ್‌ಗೆ ಕೈಯಿಂದ ದುಡ್ಡು ಹಾಕಿದಿರಿ? ಕರೆಂಟ್ ಹೋದರೆ ಫ್ರೀಜರ್‌ಗೆ ಜನರೇಟರ್ ಇದೆಯೇ? ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಕೊನೆಯ ಪ್ರಶ್ನೆ ಸಣ್ಣದಲ್ಲ.

ಇನ್ನು ಕೆಲಸದ ಮಾತು. ತೊಗರಿ ನಿಂತಲ್ಲೇ ಒಣಗಿದರೆ ರೈತರು ಎಲ್ಲಕ್ಕೂ ನೆಟೆ ರೋಗ ಅಂತಾರೆ; ನೀನು ಹಾಗೆ ಅನ್ನುವಂತಿಲ್ಲ. ಕಾಂಡ ಸೀಳಿ ನೋಡು. ನೀರು ಒಯ್ಯುವ ನಾಳದಲ್ಲಿ ಕಂದು-ಕಪ್ಪು ಗೆರೆ ಇದ್ದು, ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಹತ್ತಿದ್ದರೆ ನೆಟೆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಎಂದು ಶಂಕಿಸು. ಬೇರೇ ಕೊಳೆತು, ಮುಟ್ಟಿದರೆ ಲಟಕ್ಕನೆ ಮುರಿದರೆ ಅದು ಒಣ ಬೇರುಕೊಳೆ, ಬೇರೆ ಶಿಲೀಂಧ್ರ. ಪೂರ್ತಿ ಸತ್ತ ಗಿಡ ತರಬೇಡ, ಅದರಲ್ಲಿ ಕೊಳೆತದ್ದನ್ನು ತಿನ್ನುವ ಬೂಷ್ಟೇ ಮೊದಲು ಬೆಳೆಯುತ್ತದೆ. ಈಗಷ್ಟೇ ಬಾಡುತ್ತಿರುವುದನ್ನು ಕಿತ್ತು ಕಾಗದದ ಚೀಲದಲ್ಲಿ ತಾ, ಪ್ಲಾಸ್ಟಿಕ್ ಬೆವರುತ್ತದೆ. ಚೀಲದ ಮೇಲೆ ಊರು, ತಳಿ, ದಿನಾಂಕ ಪೆನ್ಸಿಲ್‌ನಲ್ಲಿ ಬರೆ, ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಅಳಿಯುತ್ತದೆ.

ಕಂದು ಗೆರೆಯ ಅಂಚಿನಿಂದ 5 ಮಿ.ಮೀ. ತುಂಡು ಮಾಡಿ, ಶೇ. 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದೆರಡು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಒರೆಸಿ ಪಿಡಿಎ (ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಅಗಾರ್) ಪ್ಲೇಟಿಗೆ ಹಾಕು. ಹೊತ್ತು ಕಡಿಮೆಯಾದರೆ ಬ್ಯಾಕ್ಟೀರಿಯಾ ಹರಡುತ್ತದೆ, ಹೆಚ್ಚಾದರೆ ಒಳಗಿನ ಶಿಲೀಂಧ್ರವೂ ಸಾಯುತ್ತದೆ. 25-28 ಡಿಗ್ರಿಯಲ್ಲಿ ವಾರದೊಳಗೆ ಬೆಳೆ ಕಾಣುತ್ತದೆ. ಒಂದೇ ಬೀಜಕಣದಿಂದ ಶುದ್ಧ ಮಾಡಿಕೊಂಡ ಕೂಡಲೇ ಶೇ. 20ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಇಡು, ಜೊತೆಗೆ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಪ್ಲೇಟಿನಿಂದ ಪ್ಲೇಟಿಗೆ ದಾಟಿಸುತ್ತಲೇ ಇದ್ದರೆ ರೋಗ ತರುವ ಶಕ್ತಿ ಕುಂದುತ್ತದೆ. ಮೂರನೇ ವರ್ಷ ಕುಂಡದ ಗಿಡ ಸಾಯದೆ ಹಸಿರಾಗಿ ನಿಂತಾಗ ಅಳುವುದೊಂದೇ ಉಳಿಯುತ್ತದೆ. ಪ್ರಭೇದ ಗುರುತಿಸಲು ಐಟಿಎಸ್ ಎಂಬ ಡಿಎನ್‌ಎ ಭಾಗದ ಸೀಕ್ವೆನ್ಸ್ ಒಂದನ್ನೇ ನಂಬಬೇಡ. ಫ್ಯುಸೇರಿಯಂ ಪ್ರಭೇದಗಳನ್ನು ಅದು ಸರಿಯಾಗಿ ಬಿಡಿಸದು, ಟಿಇಎಫ್-1 ಆಲ್ಫಾ ಜೀನ್ ಕೂಡ ಓದಿಸು.

ತಳಿಗಳನ್ನು ಪರೀಕ್ಷಿಸುವಾಗ ಹೋಲಿಕೆಗೆಂದು ರೋಗ ನಿರೋಧಕ ತಳಿ ಐಸಿಪಿ 8863, ಸುಲಭವಾಗಿ ಬಲಿಯಾಗುವ ತಳಿ ಐಸಿಪಿ 2376 ಸಾಲುಗಳ ನಡುನಡುವೆ ಇರಲಿ. 2376 ಸಾಯದಿದ್ದರೆ ನೆಲದಲ್ಲಿ ರೋಗವೇ ಸಾಲದು, ಆ ವರ್ಷದ ಅಂಕಿ ಬಿಟ್ಟುಬಿಡು. ಇಂಥ ಬೀಜದ ವಿಚಾರ ಕೇಳಲು ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ, ಹುಮನಾಬಾದ್ ಮೇಲಿನ ಹೈದರಾಬಾದ್ ದಾರಿಯಲ್ಲೇ. ಗೈಡ್ ಕಡೆಯಿಂದ ಪತ್ರ ಬೇಸಿಗೆಯಲ್ಲೇ ಹೋಗಲಿ. ಮಳೆ ಬಿದ್ದ ಮೇಲೆ ಬೀಜ ಹುಡುಕಿದರೆ ಆ ಹಂಗಾಮು ಹೋಯಿತೆಂದೇ ಲೆಕ್ಕ.

ದುಡ್ಡಿನ ವಿಚಾರ ಅವ್ವನಿಗೂ ಹೇಳು. ಸಿಎಸ್ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. 200 ಅಂಕದ ಜೀವವಿಜ್ಞಾನ ಪತ್ರಿಕೆಯಲ್ಲಿ 100 ಅಂಕ ಸಿ ಭಾಗದ್ದು. 75 ಪ್ರಶ್ನೆಯಲ್ಲಿ 25 ಬಿಡಿಸಬೇಕು, ತಪ್ಪಿಗೆ 1 ಅಂಕ ಕಡಿತ. ಬಾಯಿಪಾಠ ಅಲ್ಲಿ ನಡೆಯದು, ಪ್ರಯೋಗದ ಚಿತ್ರ ನೋಡಿ ಉತ್ತರ ಹೇಳುವ ರೂಢಿ ಬೇಕು. ಫೆಲೋಶಿಪ್ ಪ್ರತಿ ತಿಂಗಳೂ ತಪ್ಪದೆ ಬರುತ್ತದೆಂದು ನಂಬಿ ಕೈ ಖಾಲಿ ಮಾಡಿಕೊಳ್ಳಬೇಡ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡು, ಮುಂದೆ ನೌಕರಿಗೂ ಬೇಕಾಗುತ್ತದೆ.

ಎರಡು ಪುಟದ ಪ್ರಸ್ತಾವನೆ ಬರೆ. ಪ್ರತಿ ಉದ್ದೇಶದ ಎದುರು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಹಾಕಿ ನನಗೆ ಕಳಿಸು, ಗೈಡ್‌ಗೆ ತೋರಿಸುವ ಮೊದಲು. ವೈನಿಯವರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಕಾಕಾ