ಹಲ್ಲು ಕೀಳಿಸುವ ಮೊದಲು ಇದನ್ನು ಓದು ಮಂಜು

ಪ್ರೀತಿಯ ಮಂಜು, ಮಾವನ ಆಶೀರ್ವಾದ.

ನಿನ್ನೆ ರಾತ್ರಿಯಿಂದ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ. ಅಕ್ಕ ಮಾತಿನ ಮಧ್ಯೆ, "ಮಂಜುಗೆ ದವಡೆ ಹಲ್ಲು ನೋವು, ಶುಕ್ರವಾರ ಕೀಳಿಸ್ತಾನಂತೆ, ಅದಕ್ಕೆ ರಕ್ತ ತೆಳು ಮಾಡೋ ಮಾತ್ರೆ ನಾಳೆಯಿಂದ ನಿಲ್ಲಿಸ್ತಾನಂತೆ" ಅಂದಳು. ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ ಅಂದಳು. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನಿಲ್ಲಿಸು ಅಂತ ಹೇಳಿದ್ದು ಯಾರು? ಸ್ಟೆಂಟ್ ಹಾಕಿದ ಡಾಕ್ಟರೋ, ಪಕ್ಕದ ಅಂಗಡಿಯವರೋ? ಹಾರ್ಟ್ ಅಟ್ಯಾಕ್ ಆಗಿ ಅದನ್ನು ಹಾಕಿ ಇನ್ನೂ ನಾಲ್ಕು ತಿಂಗಳು. ಹೃದಯದ ರಕ್ತನಾಳದ ಒಳಗೆ ಕೂತಿರುವುದು ಲೋಹದ ಜಾಲರಿ ಕಣಪ್ಪ. ರಕ್ತನಾಳದ ಒಳಪದರ ಅದರ ಮೇಲೆ ಮೆಲ್ಲಗೆ ಬೆಳೆದು ಮುಚ್ಚಬೇಕು, ಅಲ್ಲಿಯವರೆಗೆ ಬರೀ ಲೋಹ ತಾಗಿದರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅದನ್ನು ತಡೆಯುವುದಕ್ಕೇ ನಿನಗೆ ಎರಡು ಮಾತ್ರೆ, ಒಂದು ಆಸ್ಪಿರಿನ್, ಇನ್ನೊಂದು ಬೆಳಿಗ್ಗೆ ಸಂಜೆ ನುಂಗುವ ಟಿಕಾಗ್ರೆಲಾರ್. ಹಾರ್ಟ್ ಅಟ್ಯಾಕ್ ಆದವರಿಗೆ ಈ ಜೋಡಿ ಸಾಮಾನ್ಯವಾಗಿ 12 ತಿಂಗಳು ಇರುತ್ತದೆ, ಆಮೇಲೆ ಒಂದನ್ನು ಡಾಕ್ಟರೇ ಬಿಡಿಸುತ್ತಾರೆ. ನಡುವೆ ನಾವೇ ನಿಲ್ಲಿಸಿದರೆ ಸ್ಟೆಂಟ್ ಇದ್ದಕ್ಕಿದ್ದ ಹಾಗೆ ಮುಚ್ಚಿಹೋಗಬಹುದು, ಆಗ ಆಸ್ಪತ್ರೆ ತಲುಪುವಷ್ಟೂ ಹೊತ್ತು ಸಿಗದೆ ಹೋಗಬಹುದು. ಹಲ್ಲಿನ ಜಾಗದಲ್ಲಿ ರಕ್ತ ಬಂದರೆ ಹತ್ತಿ ಒತ್ತಿ ನಿಲ್ಲಿಸಬಹುದು. ಎದೆಯೊಳಗೆ ಹತ್ತಿ ಒತ್ತುವವರು ಯಾರು?

ನನಗೂ ಸ್ಟೆಂಟ್ ಇದೆಯಲ್ಲ, ನನ್ನ ಹಲ್ಲು ಕಿತ್ತಿದ್ದೂ ಮಾತ್ರೆ ನುಂಗುತ್ತಿದ್ದಾಗಲೇ. ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿದ್ದೆ. ಹಾರ್ಟ್ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬನ್ನಿ ಅಂದರು, ಬೆಳಗಿನ ಹೊತ್ತೇ ಕಿತ್ತು ಒಂದು ಹೊಲಿಗೆ ಹಾಕಿದರು, ಅಷ್ಟೇ. ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ನುಂಗಬೇಡ, ನಮ್ಮಂಥವರಿಗೆ ಅವು ಆಗಿಬರುವುದಿಲ್ಲ. ಯಾವ ನೋವಿನ ಮಾತ್ರೆ ನುಂಗಬಹುದು ಅಂತಲೂ ಅದೇ ಚೀಟಿಯಲ್ಲಿ ಬರೆಸಿಕೋ.

ಇನ್ನೊಂದು ಅನುಮಾನ ನನಗೆ. ಆ ಟಿಕಾಗ್ರೆಲಾರ್ ನುಂಗಿದ ಮೇಲೆ ಸುಮ್ನೆ ಕೂತಿದ್ದರೂ ಒಂಥರಾ ಉಸಿರು ಸಾಲದ ಹಾಗೆ ಆಗುತ್ತೆ ಅಂತ ಹಬ್ಬದಲ್ಲಿ ನೀನೇ ಹೇಳಿದ್ದೆ. ಹಲ್ಲು ಬರೀ ನೆಪ ಅಲ್ವಾ? ಆ ಮಾತ್ರೆಯಿಂದ ಕೆಲವರಿಗೆ ಹಾಗಾಗುವುದು ನಿಜ. ಅದಕ್ಕೂ ದಾರಿ ಇದೆ, ಬೇರೆ ಮಾತ್ರೆಗೆ ಬದಲಾಯಿಸಿ ಕೊಡುತ್ತಾರೆ. ಬಾಯಿ ಬಿಟ್ಟು ಹೇಳಬೇಕು ಅಷ್ಟೇ. ಡಾಕ್ಟರ್ ಮುಂದೆ ಕೂತಾಗ "ಎಲ್ಲಾ ಆರಾಮ್ ಸಾರ್" ಅಂದುಬಿಟ್ಟು ಹೊರಗೆ ಬಂದ ಮೇಲೆ ನೆನಪಿಸಿಕೊಳ್ಳುವ ಚಾಳಿ ನಮ್ಮ ಮನೆತನಕ್ಕೇ ಇದೆ. ಹೋಗುವ ಮೊದಲು ಕೇಳಬೇಕಾದ್ದನ್ನೆಲ್ಲ ಅಂಗಡಿ ಬಿಲ್ಲಿನ ಹಿಂದೆ ಗೀಚಿಕೊಂಡು ಹೋಗು.

ನಿನ್ನ ಅದೃಷ್ಟ ನೋಡಿದರೆ ನನಗೆ ಹೊಟ್ಟೆಕಿಚ್ಚು. ನಿನ್ನ ಹೆಂಡತಿ ಒಂದು ಮಾತೂ ಕೇಳದೆ ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋದಳು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ದುಡ್ಡಿಲ್ಲದೆ ಕೊಟ್ಟು, ಆಮೇಲೆ ಮೈಸೂರು ಜಯದೇವಕ್ಕೆ ಕಳಿಸಿದರು. 2015ರಲ್ಲಿ ನನಗಾದಾಗ ಗ್ಯಾಸ್ಟ್ರಿಕ್ ಅಂದುಕೊಂಡು ನಾಲ್ಕು ಗಂಟೆ ಗೋಲಿಸೋಡಾ ಕುಡಿಯುತ್ತಾ ಜಗುಲಿ ಮೇಲೆ ಕೂತಿದ್ದೆ. ಅದರ ಬೆಲೆ ಇವತ್ತಿಗೂ ಎಕೋ ರಿಪೋರ್ಟಲ್ಲಿ ಕಾಣುತ್ತೆ: ನನ್ನ ಇಎಫ್, ಅಂದರೆ ಹೃದಯ ಒಂದೊಂದು ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪಾಲು, ನೂರಕ್ಕೆ 40, ನಿನ್ನದು 55. ಸ್ಟೆಂಟೊಂದಕ್ಕೇ ಲಕ್ಷದ ಮೇಲೆ ಕೊಟ್ಟೆ. 2017ರ ಫೆಬ್ರವರಿಯಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿತು ನೋಡು, ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು.

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟೀವಿಯಲ್ಲಿ ಬಂದಾಗ ಜಯದೇವದ ಮುಂದೆ ಎಂಥಾ ಕ್ಯೂ ಇತ್ತು! ಏನೂ ಆಗದವರೆಲ್ಲ ಇಸಿಜಿಗೆ ಸಾಲು ನಿಂತರು. ನನ್ನ ಜೊತೆ ಸ್ಟೆಂಟ್ ಹಾಕಿಸಿಕೊಂಡವರೊಬ್ಬರು ಮಾತ್ರ ಅದೇ ಹೊತ್ತಲ್ಲಿ, ಈಗ ಏನೂ ತೊಂದರೆ ಇಲ್ಲವಲ್ಲ ಅಂತ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಮನೆಯಲ್ಲಿ ಕೂತಿದ್ದರು. ಅವರನ್ನೇನು ಅನ್ನಲಿ, ನಾನೂ ಒಮ್ಮೆ ಬಿಟ್ಟಿದ್ದೆ. ಕೆಟ್ಟ ಕೊಲೆಸ್ಟ್ರಾಲ್ 62 ಇದೆ ಅಂತ ಖುಷಿಯಲ್ಲಿ ಬಿಟ್ಟೆ, ಮೂರು ತಿಂಗಳಿಗೆ 141. ಮಾತ್ರೆ ನುಂಗಿದ್ದಕ್ಕೇ 62 ಇತ್ತು ಅನ್ನೋದು ನನ್ನ ತಲೆಗೆ ಹೋಗಿರಲಿಲ್ಲ. ಯೂಟ್ಯೂಬಿನ ಬೆಳ್ಳುಳ್ಳಿ ಶುಂಠಿ ಕಷಾಯ ಬ್ಲಾಕ್ ಕರಗಿಸುವುದಿಲ್ಲ ಮಂಜು, ನಾಲಿಗೆಗೆ ಖಾರ ಅಷ್ಟೇ.

ವಾಕಿಂಗ್ ಬಿಡಬೇಡ. ಮಾತಾಡುತ್ತಾ ನಡೆಯಲು ಆಗಬೇಕು, ಏದುಸಿರು ಬಂದರೆ ನಿಧಾನ ಮಾಡು. ಊಟ ಮಾಡಿದ ಕೂಡಲೇ ಹೊರಡಬೇಡ. ಎದೆ ಹಿಡಿದ ಹಾಗಾದರೆ ಮೊದಲು ಕೂತುಕೋ, ಆಮೇಲೆ ನಾಲಿಗೆ ಕೆಳಗಿನ ಮಾತ್ರೆ ಇಟ್ಟುಕೋ. ನಿಂತೇ ಇಟ್ಟುಕೊಂಡರೆ ಬಿಪಿ ಇಳಿದು ತಲೆ ತಿರುಗುತ್ತೆ. ಐದು ನಿಮಿಷಕ್ಕೂ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡು, ಸ್ಕೂಟರ್ ಹತ್ತಬೇಡ. ಸಿಗರೇಟಿನ ವಿಷಯ ನಾನು ಎತ್ತುವುದಿಲ್ಲ, ಗಲ್ಲಾಪೆಟ್ಟಿಗೆ ಕೆಳಗಿನ ಪ್ಯಾಕೆಟ್ ನಿನ್ನ ಹೆಂಡತಿ ಆಗಲೇ ನೋಡಿದ್ದಾಳೆ.

ರಾತ್ರಿ ದಿಂಬಿಗೆ ಕಿವಿ ಇಟ್ಟು ಎದೆಬಡಿತ ಎಣಿಸುತ್ತೀಯಂತೆ. ನಾನೂ ಆರು ತಿಂಗಳು ಎಣಿಸಿದ್ದೇನೆ. ಅಂಗಡಿಗೆ ಹೋಗಲು ಮನಸ್ಸಿಲ್ಲ, ಯಾರ ಹತ್ತಿರವೂ ಮಾತು ಬೇಡ, ಮಗು ಕಿರುಚಿದರೆ ಸಿಟ್ಟು ಅನ್ನುವುದೆಲ್ಲ ಅಟ್ಯಾಕ್ ಆದವರಲ್ಲಿ ಬಹಳ ಜನಕ್ಕೆ ಆಗುತ್ತೆ. ಇದನ್ನೂ ಡಾಕ್ಟರಿಗೆ ಹೇಳು, ನಾಚಿಕೆ ಬೇಡ.

ಈಗ ಒಂದು ಕೆಲಸ ಮಾಡು. ಇವತ್ತಿನ ಸಂಜೆಯ ಮಾತ್ರೆ ನುಂಗಿ, ಖಾಲಿಯಾದ ಸ್ಟ್ರಿಪ್ಪಿನ ಫೋಟೋ ಕಳಿಸು. ನಾಳೆ ಆಸ್ಪತ್ರೆಗೆ ಹೋಗಿ ಕೇಳು. ಶುಕ್ರವಾರ ನಾನೂ ಹಾಸನದಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ. ಹತ್ತಿ ಕಚ್ಚಿಕೊಂಡು ಕೂತಿರುವಾಗ ನಿನಗೆ ಎದುರು ಮಾತಾಡಲು ಆಗುವುದಿಲ್ಲ, ಉಳಿದದ್ದನ್ನು ಆಗ ಹೇಳುತ್ತೇನೆ.

ನಿನ್ನ ಮಾವ