ಟೈಲ್ಸ್ ಒರೆಸಲು ಆಸಿಡ್ ಯಾಕೆ?

ಮಾನ್ಯ ಸಂಪಾದಕರೇ,

ಮಂಡ್ಯದ ಕಲ್ಲಹಳ್ಳಿಯಲ್ಲಿ ನಮ್ಮದು ಹಳೆ ಮನೆ. ಕಳೆದ ತಿಂಗಳು ಅಡುಗೆಮನೆಗೂ ಬಚ್ಚಲಿಗೂ ಹೊಸ ಟೈಲ್ಸ್ ಹಾಕಿಸಿದೆವು. ಮೇಸ್ತ್ರಿ ಕೆಲಸ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಐದೂವರೆಗೆ ಟೈಲ್ಸ್ ನಡುವಿನ ಸಂದಿಗೆಲ್ಲ ಗ್ರೌಟ್ (ಸಂದು ಮುಚ್ಚುವ ಪುಡಿ ಕಲಸಿದ್ದು) ತುಂಬಿ, 'ಬೆಳಿಗ್ಗೆ ಬಂದು ಒರೆಸ್ತೀನಮ್ಮ' ಎಂದು ಹೋದವರು ಬಂದಿದ್ದು ಮೂರನೇ ದಿನ. ಅಷ್ಟರಲ್ಲಿ ಕಡು ಬೂದಿ ಬಣ್ಣದ ಟೈಲ್ಸ್ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪೊರೆ. ನೀರು ಹಾಕಿ ಒರೆಸಿದರೆ ಮಾಯ, ಒಣಗಿದರೆ ಮತ್ತೆ ಹಾಜರ್.

'ಒಂದು ಬಾಟಲಿ ಆಸಿಡ್ ತರಿಸಿ, ಎರಡು ನಿಮಿಷದ ಕೆಲಸ' ಎಂದರು ಮೇಸ್ತ್ರಿ. ಒಂಬತ್ತನೇ ಕ್ಲಾಸಿನ ಮಗ ಸೈಕಲ್ ಹತ್ತಿ ಹೋದ, ಹತ್ತೇ ನಿಮಿಷಕ್ಕೆ ತಂದ. ಅಂಗಡಿಯಲ್ಲಿ ಯಾರಿಗೆ, ಯಾತಕ್ಕೆ ಎಂದು ಒಬ್ಬರೂ ಕೇಳಲಿಲ್ಲವಂತೆ.

ಬಚ್ಚಲಿಗೆ ಸುರಿದದ್ದೇ ತಡ, ಎಲ್ಲರಿಗೂ ಕೆಮ್ಮು. ಹೊಸ ನಲ್ಲಿಯ ಮೇಲೆ ಕಂದು ಚುಕ್ಕೆ. ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಬಾಟಲಿ ಇಟ್ಟಿದ್ದರು. ತಳ ಒದ್ದೆಯಾಗಿತ್ತು ಅಂತ ಕಾಣುತ್ತೆ, ಚುರ್ ಎಂದು ನೊರೆ ಬಂತು. ಬಾಟಲಿ ಎತ್ತಿದರೆ ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ದುಂಡು ಉಂಗುರ. ಬೆರಳಾಡಿಸಿದರೆ ತರಿತರಿ. ಕಡಪ ಕಲ್ಲು ಅಂದರೆ ಸುಣ್ಣದ ಕಲ್ಲೇ ಅಲ್ವಾ, ಆಸಿಡ್ ತಿನ್ನದೆ ಬಿಡುತ್ತದೆಯೇ? ಮಾರ್ಬಲ್ ಕಥೆಯೂ ಅದೇ. ಸಂದಿನಲ್ಲಿರುವ ಗ್ರೌಟ್ ಕೂಡ ಸಿಮೆಂಟೇ. ಪೊರೆಯ ಜೊತೆಗೆ ಅದೂ ಸವೆಯುತ್ತದೆ.

ನಮ್ಮಣ್ಣ ಮೈಸೂರಿನಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ. ಫೋನಿನಲ್ಲಿ ಚೆನ್ನಾಗಿ ಬೈದ. ಗ್ರೌಟ್ ತುಂಬಿದ ಅರ್ಧ ಗಂಟೆಯೊಳಗೆ, ಹಿಂಡಿದ ಸ್ಪಂಜಿನಿಂದ, ಸಂದಿಗೆ ಅಡ್ಡಡ್ಡ ಒರೆಸಬೇಕಂತೆ. ನೀರು ಬಿಳಿಯಾದ ಕೂಡಲೇ ಬಕೆಟ್ ಬದಲಿಸಬೇಕು. ಇಲ್ಲದಿದ್ದರೆ ಅದೇ ಪೊರೆಯನ್ನು ಮನೆಯೆಲ್ಲ ಹಂಚಿದ ಹಾಗೆ. ಒಂದೆರಡು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ತಿಕ್ಕಿದರೆ ಮುಗಿಯಿತು.

ಅದು ತಪ್ಪಿದರೆ? ಸಂದು ಪೂರ್ತಿ ಗಟ್ಟಿಯಾಗಲಿ ಎಂದು ಹತ್ತು ದಿನ ಸುಮ್ನೆ ಕಾಯಲು ಹೇಳಿದ. ಕಾದೆವು. ಆಮೇಲೆ ನೆಲವನ್ನು ಮೊದಲು ಬರೀ ನೀರಿನಲ್ಲಿ ನೆನೆಸಿದೆ, ಸಂದು ವಿನೆಗರ್ ಹೀರಬಾರದಲ್ಲ. ನಾಲ್ಕು ಲೋಟ ನೀರಿಗೆ ಒಂದು ಲೋಟ ವಿನೆಗರ್. ಸ್ವಲ್ಪ ಸ್ವಲ್ಪ ಜಾಗಕ್ಕೆ ಹಾಕಿ, ಐದು ನಿಮಿಷ ಬಿಟ್ಟು, ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ, ಎರಡು ಸಲ ತೊಳೆದೆ. ಕೊನೆಗೆ ನಮ್ಮ ಯಜಮಾನರ ಹಳೆ ಪಂಚೆಯಲ್ಲಿ ಒರೆಸಿದೆ. ಸೊಂಟ ಹಿಡಿಯಿತು, ಪೊರೆ ಹೋಯಿತು. ಇದು ಸೆರಾಮಿಕ್, ವಿಟ್ರಿಫೈಡ್ ಟೈಲ್ಸಿಗೆ ಮಾತ್ರ. ಕಲ್ಲಿನ ಹತ್ತಿರಕ್ಕೂ ವಿನೆಗರ್ ಬೇಡ. ಸಿಮೆಂಟಿನದಲ್ಲದ, ಅಂಟಿನಂಥ ಎಪಾಕ್ಸಿ ಗ್ರೌಟ್ ಆದರೆ ಇದಕ್ಕೆ ಜಗ್ಗುವುದಿಲ್ಲ, ಅದರ ಕ್ಲೀನರೇ ಬೇರೆ.

ನನ್ನ ಸಿಟ್ಟು ಮೇಸ್ತ್ರಿಗಿಂತ ಜಾಸ್ತಿ ಆ ಬಾಟಲಿ ಮೇಲೆ. ಆಸಿಡ್ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಪುಸ್ತಕದಲ್ಲಿ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷ ತುಂಬದವರಿಗೆ ಕೊಡಲೇಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಗನನ್ನು ಕಳಿಸಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಅಂಗಡಿಗಳಲ್ಲಿ ಆ ಪುಸ್ತಕ ಇದೆಯಾ ಎಂದು ಅಧಿಕಾರಿಗಳು ಒಮ್ಮೆಯಾದರೂ ನೋಡಬಾರದೇ? ಮೊನ್ನೆ ನಾನೇ ಹೋಗಿ ಕೇಳಿದೆ. 'ಯಾವ ಪುಸ್ತಕ ಅಕ್ಕಾ?' ಎಂದರು.

– ಒಬ್ಬ ಗೃಹಿಣಿ, ಕಲ್ಲಹಳ್ಳಿ, ಮಂಡ್ಯ